ಮೇಷ್ಟ್ರ ನೆನಪಿನ ಪುಸ್ತಕ: ಮನೆಯವರು ಎಲ್ಲಿಂದ ಶುರುಮಾಡಬೇಕು?

ಊರಿನ ಮೇಷ್ಟ್ರು ತೀರಿಕೊಂಡ ದಿನ ಮನೆಯವರ ಮೊಬೈಲಿಗೆ ಬರುವ ಸಂದೇಶಗಳಲ್ಲಿ ಹೆಚ್ಚಿನವು ಎರಡೇ ಪದದವು: ಓಂ ಶಾಂತಿ. ಅವುಗಳ ನಡುವೆ ಎಲ್ಲೋ ಬೇರೆ ಥರದ್ದೊಂದು ಇರುತ್ತದೆ. ‘ಏಳನೇ ಕ್ಲಾಸಿನಲ್ಲಿ ನನಗೆ ಕಾಮಾಲೆ ಆಗಿದ್ದಾಗ ಸರ್ ಸೈಕಲ್ ಮೇಲೆ ಕೂರಿಸಿಕೊಂಡು ಆಸ್ಪತ್ರೆಗೆ ಕರಕೊಂಡು ಹೋಗಿದ್ರು’ ಎಂಬಂಥದ್ದು. ವಾರ ಕಳೆಯುವಷ್ಟರಲ್ಲಿ ಅದು ಗುಡ್ ಮಾರ್ನಿಂಗ್ ಚಿತ್ರಗಳ ಕೆಳಗೆ ಹೂತುಹೋಗುತ್ತದೆ. ಮುಂದೆ ವರ್ಷಾಂತಿಕದ ಹೊತ್ತಿಗೆ ಒಂದು ಸಂಸ್ಮರಣ ಗ್ರಂಥ ತರೋಣವೆಂದು ಮನೆಯವರು ಹೊರಟಾಗ ಕೈಗೆ ಬರುವುದು ‘ಸರಳ ಸಜ್ಜನಿಕೆಯ ಸಾಕಾರಮೂರ್ತಿ’, ‘ಅಜಾತಶತ್ರು’, ‘ತುಂಬಲಾರದ ನಷ್ಟ’. ಹೆಸರೊಂದನ್ನು ಬದಲಿಸಿದರೆ ಅದೇ ಲೇಖನ ಪಕ್ಕದೂರಿನ ಮೇಷ್ಟ್ರಿಗೂ ಸಲ್ಲುತ್ತದೆ.

ಗಂಡನಾಗಿ, ಮೇಷ್ಟ್ರಾಗಿ, ಊರಿನ ಹತ್ತು ಕೆಲಸಕ್ಕೆ ಬೇಕಾದವರಾಗಿ ಬದುಕಿದ ಒಬ್ಬರ ನೆನಪನ್ನು ಹೇಗೆ ಕೂಡಿಸಿಡಬೇಕು ಎನ್ನುವವರಿಗಾಗಿ ಈ ಬರಹ. ನನ್ನ ಸಲಹೆಯ ತಿರುಳು ಇಷ್ಟೆ: ಬೇಗ ಹಾಳಾಗುವುದನ್ನು ಮೊದಲು ಹಿಡಿದಿಡಿ, ಹೆಂಡತಿಯ ಮಾತನ್ನು ಎಲ್ಲರಿಗಿಂತ ಮುಂಚೆ ಕೇಳಿ, ಕಮಾನು–ಪ್ರತಿಮೆ–ದತ್ತಿಯಂಥ ದೊಡ್ಡ ಮಾತನ್ನು ಕೊನೆಗಿಟ್ಟುಕೊಳ್ಳಿ. ಬಹುತೇಕ ಮನೆಗಳಲ್ಲಿ ನಡೆಯುವುದು ಇದಕ್ಕೆ ತದ್ವಿರುದ್ಧ.

ಮೊದಲು ಫೋನು

ಮೊದಲ ವಾರಗಳಲ್ಲಿ ಯಾರಿಗೂ ಪುರುಸೊತ್ತಿರುವುದಿಲ್ಲ. ಒಬ್ಬರ ಮನೆಯಲ್ಲಿ ವೈಕುಂಠ ಸಮಾರಾಧನೆ, ಇನ್ನೊಬ್ಬರಲ್ಲಿ ಶಿವಗಣಾರಾಧನೆ, ಮತ್ತೊಬ್ಬರಲ್ಲಿ ನಲವತ್ತನೇ ದಿನ. ಮರಣ ನೋಂದಣಿಯನ್ನು 21 ದಿನದೊಳಗೆ ಮಾಡಿಸಬೇಕು. ಪ್ರಮಾಣಪತ್ರದ ಪ್ರತಿಗಳನ್ನು ಒಂದಷ್ಟು ಹೆಚ್ಚಾಗಿಯೇ ಪಡೆಯಿರಿ, ಪಿಂಚಣಿ, ಬ್ಯಾಂಕು, ವಿಮೆ ಎಲ್ಲವೂ ಕೇಳುತ್ತವೆ. ಈ ಓಡಾಟದಲ್ಲಿ ಯಾರೂ ಗಮನಿಸದ ವಸ್ತು ಎಂದರೆ ತೀರಿಕೊಂಡವರ ಮೊಬೈಲು. ಮೇಜಿನ ಮೇಲೆ ಚಾರ್ಜು ಇಳಿದು ಬಿದ್ದಿರುತ್ತದೆ. ‘ಇನ್ನು ಯಾಕೆ ದುಡ್ಡು ದಂಡ’ ಎಂದು ರೀಚಾರ್ಜು ನಿಲ್ಲಿಸುತ್ತಾರೆ. 90 ದಿನ ಬಳಕೆಯಿಲ್ಲದ ಪ್ರೀಪೇಯ್ಡ್ ಸಿಮ್ಮನ್ನು ಕಂಪನಿ ರದ್ದುಮಾಡಿ, ಮುಂದೆ ಅದೇ ನಂಬರನ್ನು ಬೇರೆಯವರಿಗೆ ಕೊಡಬಹುದು. ವಾಟ್ಸ್ಆ್ಯಪ್ ಖಾತೆ 120 ದಿನ ಸುಮ್ಮನಿದ್ದರೆ ಅಳಿಸಿಹೋಗುತ್ತದೆ. ಎರಡು ವರ್ಷ ತೆರೆಯದ ಗೂಗಲ್ ಖಾತೆಯನ್ನು, ಅದರೊಳಗಿನ ಫೋಟೋಗಳ ಸಮೇತ, ಗೂಗಲ್ ತೆಗೆದುಹಾಕಬಹುದು.

ಆದ್ದರಿಂದ ಒಂದು ವರ್ಷದ ಮಟ್ಟಿಗೆ ಆ ನಂಬರನ್ನು ಜೀವಂತವಾಗಿಡಿ. ಸಂಜೆ ಬಿಡುವು ಮಾಡಿಕೊಂಡು, ಅವರು ಕಳಿಸಿದ ಧ್ವನಿ ಸಂದೇಶಗಳನ್ನು ಒಂದೊಂದಾಗಿ ಬೇರೆ ಕಡೆ ಉಳಿಸಿ. ‘ಬರುವಾಗ ಅರ್ಧ ಕೆಜಿ ಹುರಳಿಕಾಯಿ ತಗೊಂಡು ಬಾ’ ಎಂಬ ಎಂಟು ಸೆಕೆಂಡಿನ ತುಣುಕೂ ಇರಲಿ. ಸಭೆಯಲ್ಲಿ ಮೈಕಿನ ಮುಂದೆ ಮಾತಾಡಿದ ಮೇಷ್ಟ್ರ ವೀಡಿಯೊ ಹಲವರ ಹತ್ತಿರ ಸಿಕ್ಕೀತು; ಮನೆಯ ದನಿ ಮನೆಯಲ್ಲಿ ಮಾತ್ರ ಸಿಗುವುದು. ಜತೆಗೆ, ಬಂದಿರುವ ಸಂತಾಪದ ಸಂದೇಶಗಳನ್ನೆಲ್ಲ ಒಮ್ಮೆ ಜರಡಿ ಹಿಡಿದು, ಘಟನೆಯೊಂದನ್ನು ಹೇಳಿರುವವುಗಳನ್ನಷ್ಟೇ ನೋಟ್‌ಪುಸ್ತಕಕ್ಕೆ ಇಳಿಸಿ, ಪಕ್ಕದಲ್ಲಿ ಹೆಸರು, ನಂಬರು ಬರೆದುಕೊಳ್ಳಿ. ಹತ್ತು ಸಿಕ್ಕರೂ ಸಾಕು, ಪುಸ್ತಕದ ಬೆನ್ನೆಲುಬು ಅವೇ.

ಫೋಟೋಗಳ ವಿಷಯದಲ್ಲಿ ಗಡಿಬಿಡಿ ಬೇಡ, ಆದರೆ ಹೆಸರಿನ ವಿಷಯದಲ್ಲಿ ಬೇಕು. ಶಾಲೆಯ ಗ್ರೂಪ್ ಫೋಟೋದಲ್ಲಿ ಎಡದಿಂದ ನಾಲ್ಕನೆಯವರು ಯಾರೆಂದು ಗೊತ್ತಿರುವುದು ಅವರ ಓರಗೆಯ ಇಬ್ಬರು ಮೂವರಿಗೆ, ಅವರಿಗೂ ಈಗ ಎಂಬತ್ತು ದಾಟಿರಬಹುದು. ಮೊದಲು ಅವರ ಮನೆಗೆ ಫೋಟೋ ಹೊತ್ತುಕೊಂಡು ಹೋಗಿ. ಹೆಸರನ್ನು ಹಿಂಬದಿಯಲ್ಲಿ ಮೆತ್ತನೆ ಪೆನ್ಸಿಲಿನಿಂದ ಬರೆಯಿರಿ. ಬಾಲ್ ಪೆನ್ನಿನ ಒತ್ತು ಮುಂಬದಿಗೆ ಮೂಡುತ್ತದೆ. ಲ್ಯಾಮಿನೇಷನ್ ಮಾಡಿಸಲೇಬೇಡಿ. ಸ್ಟಾಂಪ್ ಗಾತ್ರದ ಫೋಟೋವನ್ನು 600 ಡಿಪಿಐನಲ್ಲಿ, ಪೋಸ್ಟ್‌ಕಾರ್ಡಿನ ಅಳತೆಯದನ್ನು 300ರಲ್ಲಿ ಸ್ಕ್ಯಾನ್ ಮಾಡಿಸಿದರೆ ಮುದ್ರಣಕ್ಕೆ ನಡೆಯುತ್ತದೆ. ವಾಟ್ಸ್ಆ್ಯಪಿನಲ್ಲಿ ಕಳಿಸುವವರಿಗೆ ‘ಡಾಕ್ಯುಮೆಂಟ್ ಅಂತ ಕಳಿಸಿ’ ಎಂದು ಹೇಳಿಬಿಡಿ. ಸುಮ್ಮನೆ ಕಳಿಸಿದರೆ ಅದು ಚಿತ್ರವನ್ನು ಕುಗ್ಗಿಸಿಬಿಡುತ್ತದೆ, ಅಚ್ಚಿನಲ್ಲಿ ಮುಖಗಳು ಕಲಸಿಹೋಗುತ್ತವೆ.

ಸೇವಾ ಪುಸ್ತಕವೆಂಬ ಜೀವನಚರಿತ್ರೆ

ಸರ್ಕಾರಿ ಮೇಷ್ಟ್ರ ಜೀವನಚರಿತ್ರೆ ಅರ್ಧ ಬರೆದೇ ಇರುತ್ತದೆ, ಬರೆದವರು ಗುಮಾಸ್ತರು ಅಷ್ಟೆ. ಸೇವಾ ಪುಸ್ತಕದಲ್ಲಿ ನೇಮಕದ ದಿನ, ವರ್ಗವಾದ ಊರುಗಳು, ಬಡ್ತಿ, ರಜೆ ಎಲ್ಲಕ್ಕೂ ತಾರೀಖಿದೆ. ಮನೆಯಲ್ಲಿ ಅದರ ಪ್ರತಿ ಇದ್ದರೆ ಸರಿ. ಇಲ್ಲದಿದ್ದರೆ ಪಿಂಚಣಿ ಕಾಗದಗಳಲ್ಲಿ ಹುಡುಕಿ, ಇಲ್ಲವೇ ಕ್ಷೇತ್ರ ಶಿಕ್ಷಣಾಧಿಕಾರಿಯ ಕಚೇರಿಯಲ್ಲಿ ವಿಚಾರಿಸಿ. ಅದನ್ನು ಮುಂದಿಟ್ಟುಕೊಂಡು ಒಂದು ಉದ್ದನೆಯ ಹಾಳೆಯಲ್ಲಿ ಊರು ಮತ್ತು ವರ್ಷಗಳ ಪಟ್ಟಿ ಮಾಡಿ. ರಜೆಯ ನಮೂದುಗಳನ್ನು ಕಡೆಗಣಿಸಬೇಡಿ. ಹದಿನೈದು ದಿನದ ರಜೆ ಎಂದರೆ ಆ ಮನೆಯಲ್ಲಿ ಏನೋ ನಡೆದಿತ್ತು: ಹೆರಿಗೆ, ತಾಯಿಯ ಕಾಯಿಲೆ, ತಂಗಿಯ ಮದುವೆ. ಆ ತಾರೀಖು ಹೇಳಿದರೆ ಹೆಂಡತಿಗೆ ಉಳಿದದ್ದು ನೆನಪಾಗುತ್ತದೆ.

ಈ ಪಟ್ಟಿಯ ಪಕ್ಕದಲ್ಲೇ ನಾಡಿನ ಘಟನೆಗಳನ್ನೂ ಗುರುತು ಹಾಕಿಕೊಂಡರೆ ಪ್ರಶ್ನೆ ಕೇಳಲು ಕೊಂಡಿ ಸಿಗುತ್ತದೆ. 1982ರ ಗೋಕಾಕ್ ಚಳವಳಿಯ ಹೊತ್ತಿಗೆ ಯಾವ ಊರಿನಲ್ಲಿದ್ದರು? ತೊಂಬತ್ತರ ದಶಕದ ಸಾಕ್ಷರತಾ ಆಂದೋಲನದಲ್ಲಿ ರಾತ್ರಿ ಶಾಲೆ ನಡೆಸಿದರೇ? 1991, 2001, 2011ರ ಜನಗಣತಿಯಲ್ಲಿ ಯಾವ ಕೇರಿಗಳಿಗೆ ಹೋಗಿದ್ದರು? ಮೇಷ್ಟ್ರುಗಳಿಗೆ ಊರಿನ ಪ್ರತಿಮನೆಯೂ ಗೊತ್ತಿರುತ್ತಿದ್ದುದರ ಹಿಂದೆ ಈ ಗಣತಿ, ಮತದಾರರ ಪಟ್ಟಿ, ಚುನಾವಣಾ ಡ್ಯೂಟಿಗಳ ಪಾಲು ದೊಡ್ಡದು. ಶಾಲೆಯಲ್ಲಿ ಬಿಸಿಯೂಟ ಶುರುವಾದಾಗ ಮೊದಲ ದಿನದ ಅಡುಗೆ ಎಲ್ಲಿ ಬೆಂದಿತು ಎಂದು ಕೇಳಿ ನೋಡಿ. ಎಷ್ಟೋ ಕಡೆ ಬರುವ ಉತ್ತರ, ಮೇಷ್ಟ್ರ ಮನೆಯ ಒಲೆಯ ಮೇಲೆ.

ಹೆಂಡತಿಯನ್ನು ಮಾತಾಡಿಸುವುದು

ನುಡಿನಮನದ ಸಭೆಗಳಲ್ಲಿ ಒಂದು ಪದ್ಧತಿ ಬೆಳೆದುಬಂದಿದೆ. ವೇದಿಕೆಯ ಮೇಲೆ ನಿವೃತ್ತ ಅಧಿಕಾರಿಗಳು, ಜನಪ್ರತಿನಿಧಿಗಳು, ಸಂಘದ ಅಧ್ಯಕ್ಷರು. ಮೊದಲ ಸಾಲಿನಲ್ಲಿ ಹೆಂಡತಿ, ಸೆರಗು ಹೊದ್ದು. ಎಲ್ಲರೂ ಆಕೆಯ ಕಡೆ ಕೈತೋರಿಸಿ ‘ಅವರ ಯಶಸ್ಸಿನ ಹಿಂದಿನ ಶಕ್ತಿ’ ಎನ್ನುತ್ತಾರೆ, ಕೊನೆಗೆ ಒಂದು ಶಾಲು ಹೊದಿಸುತ್ತಾರೆ. ನಲವತ್ತು ವರ್ಷ ಜತೆಗಿದ್ದವರನ್ನು ‘ಅವರು ಹೇಗಿದ್ದರು’ ಎಂದು ಯಾರೂ ಕೇಳುವುದಿಲ್ಲ.

ಕನ್ನಡದಲ್ಲಿ ಈ ಕೊರತೆಯನ್ನು ತುಂಬಿದ ಒಳ್ಳೆಯ ಪುಸ್ತಕಗಳಿವೆ. ಇಂದಿರಾ ಲಂಕೇಶರ ‘ಹುಳಿಮಾವು ಮತ್ತು ನಾನು’, ರಾಜೇಶ್ವರಿ ತೇಜಸ್ವಿಯವರ ‘ನನ್ನ ತೇಜಸ್ವಿ’ ಓದಿದವರಿಗೆ ಗೊತ್ತು. ಹೊರಗಿನವರು ಎಷ್ಟೇ ಬರೆದಿದ್ದರೂ ಮನೆಯೊಳಗಿನ ಮನುಷ್ಯ ಕಂಡದ್ದು ಅಲ್ಲಿ. ಲಂಕೇಶರೂ ಪತ್ರಿಕೆ ಕಟ್ಟುವ ಮೊದಲು ಮೇಷ್ಟ್ರೇ ಆಗಿದ್ದವರು. ಈ ಪುಸ್ತಕಗಳು ಹೊಗಳಿಕೆಯ ಪಟ್ಟಿಯಲ್ಲ. ಸಿಟ್ಟು, ಹಠ, ದುಡ್ಡಿನ ತಾಪತ್ರಯ ಎಲ್ಲವೂ ಅಲ್ಲಿವೆ, ಅದಕ್ಕೇ ಪ್ರೀತಿಯೂ ನಂಬಿಕೆ ಹುಟ್ಟಿಸುತ್ತದೆ. ಕೆಲಸ ಶುರುಮಾಡುವ ಮುನ್ನ ಎರಡರಲ್ಲಿ ಒಂದನ್ನಾದರೂ ಮನೆಗೆ ತಂದು, ಹೆಂಡತಿಯ ಕೈಗೇ ಕೊಡಿ.

ಎಲ್ಲರೂ ಬರೆಯಲಾರರು, ಬರೆಯಬೇಕಾಗಿಯೂ ಇಲ್ಲ. ಫೋನಿನ ರೆಕಾರ್ಡರ್ ಸಾಕು. ಕೇಳಲು ಕೂರುವವರು ಮಗನೋ ಮಗಳೋ ಆಗದಿದ್ದರೆ ಒಳ್ಳೆಯದು. ಮಕ್ಕಳು ಮಧ್ಯೆ ಬಾಯಿ ಹಾಕಿ ‘ಇಲ್ಲಮ್ಮ, ಅದು ಶಿರಾದಲ್ಲಿದ್ದಾಗ’ ಎಂದು ತಿದ್ದುತ್ತಾರೆ, ಮಾತು ಅಲ್ಲಿಗೆ ನಿಲ್ಲುತ್ತದೆ. ಮೊಮ್ಮಗಳೋ ತಂಗಿಯ ಮಗಳೋ ಕೇಳಿದರೆ ಅಜ್ಜಿ ಮೊದಲಿನಿಂದ ವಿವರಿಸಿ ಹೇಳಬೇಕಾಗುತ್ತದೆ. ಮಧ್ಯಾಹ್ನ ಊಟವಾದ ಮೇಲೆ, ಅರ್ಧ ಮುಕ್ಕಾಲು ಗಂಟೆಗಿಂತ ಹೆಚ್ಚು ಬೇಡ. ‘ಅವರ ಬಗ್ಗೆ ಹೇಳಿ’ ಎಂದು ಕೇಳಿದರೆ ಕಣ್ಣೀರು ಬರುತ್ತದೆ, ಮಾತು ಬರುವುದಿಲ್ಲ. ವಸ್ತುವಿನಿಂದ ಶುರುಮಾಡಿ. ಅವರ ಕೊಡೆ, ಟಿಫಿನ್ ಡಬ್ಬಿ, ಕೈಗಡಿಯಾರ. ಡಬ್ಬಿಗೆ ಏನು ಹಾಕಿಕೊಡುತ್ತಿದ್ದಿರಿ, ತಿಂದುಬರುತ್ತಿದ್ದರೇ, ಯಾರಿಗಾದರೂ ಕೊಟ್ಟುಬರುತ್ತಿದ್ದರೇ? ಮೊದಲ ವರ್ಗಾವಣೆಗೆ ಸಾಮಾನು ಯಾವುದರಲ್ಲಿ ಸಾಗಿಸಿದಿರಿ? ಸಂಬಳದ ದಿನ ಮೊದಲು ತೀರಿಸುತ್ತಿದ್ದ ಬಾಕಿ ಯಾವುದು? ಯಾವ ವಿಷಯಕ್ಕೆ ಜಗಳ ಆಗುತ್ತಿತ್ತು?

ಜಗಳದ ಪ್ರಶ್ನೆಗೆ ಬರುವ ಉತ್ತರದಲ್ಲಿ ಊರಿನ ಮನುಷ್ಯ ಸಿಕ್ಕಿಬಿಡುತ್ತಾನೆ. ಏಕೆಂದರೆ ಸರ್ಕಾರಿ ಮೇಷ್ಟ್ರ ಮನೆಯ ಜಗಳಗಳಲ್ಲಿ ಒಂದು ಖಾಯಂ ಜಗಳ ಜಾಮೀನಿನದು. ಸಹಕಾರ ಸಂಘದಲ್ಲಿ ಸಾಲ ಬೇಕಾದವರಿಗೆಲ್ಲ ಸಂಬಳ ಖಾತ್ರಿಯಿರುವ ಮೇಷ್ಟ್ರ ಸಹಿ ಬೇಕು. ಮೂವರಿಗೆ ಸಹಿ ಹಾಕಿದರೆ ಒಬ್ಬ ಕಂತು ಕಟ್ಟುವುದಿಲ್ಲ, ಕಡಿತ ಬರುವುದು ಇವರ ಸಂಬಳದಲ್ಲಿ. ಊರಿನವರ ಪಾಲಿಗೆ ‘ಉಪಕಾರಿ’ ಆದವರ ಮನೆಯಲ್ಲಿ ಆ ತಿಂಗಳು ಹಾಲು ಕಡಿಮೆ ತರಿಸಿದ್ದು ಯಾರು ಎಂಬುದೂ ದಾಖಲಾಗಬೇಕು. ಅರ್ಜಿ ಬರೆದುಕೊಟ್ಟದ್ದು, ಹಾಲಿನ ಸಂಘದ ಲೆಕ್ಕ ನೋಡಿದ್ದು, ಗಣೇಶನ ಹಬ್ಬದ ನಾಟಕ ಕಲಿಸಿದ್ದು, ನ್ಯಾಯ ಪಂಚಾಯಿತಿಗೆ ಕೂತದ್ದು, ಎಲ್ಲದರ ಬೆಲೆಯನ್ನೂ ಇನ್ನೊಬ್ಬರು ಅಡುಗೆಮನೆಯಲ್ಲಿ ತೆತ್ತಿರುತ್ತಾರೆ. ಆಕೆ ಅದನ್ನು ಬೇಸರದಿಂದ ಹೇಳಿದರೆ ಬೇಸರದಿಂದಲೇ ಅಚ್ಚಾಗಲಿ. ಹೇಳಲು ಒಲ್ಲೆನೆಂದರೆ ಬಿಟ್ಟುಬಿಡಿ. ಒಂದು ವರ್ಷ ಕಳೆದ ಮೇಲೆ ತಾನಾಗಿ ಹೇಳಿದರೂ ಹೇಳಿಯಾರು.

ರೆಕಾರ್ಡಾದುದನ್ನು ಬರಹಕ್ಕೆ ಇಳಿಸುವಾಗ ಪುಸ್ತಕದ ಕನ್ನಡಕ್ಕೆ ತಿದ್ದುವ ಉತ್ಸಾಹ ತೋರಬೇಡಿ. ಧಾರವಾಡದವರು ‘ಮಾಸ್ತರು’ ಎಂದದ್ದು ಮಾಸ್ತರಾಗಿಯೇ ಇರಲಿ, ಮಂಡ್ಯದವರ ‘ಮೇಷ್ಟ್ರು’, ಮಂಗಳೂರಿನವರ ‘ಮಾಷ್ಟ್ರು’ ಹಾಗೆಯೇ ಇರಲಿ. ಲೇಖನದ ಕೆಳಗೆ ‘ನಿರೂಪಣೆ’ ಎಂದು ಬರೆದುಕೊಂಡವರ ಹೆಸರು ಸಣ್ಣದಾಗಿ, ಮೇಲೆ ಆಕೆಯ ಹೆಸರು ದೊಡ್ಡದಾಗಿ ಬರಬೇಕು. ಪುಸ್ತಕದ ಮೊದಲ ಲೇಖನವೂ ಅದೇ ಆಗಬೇಕೆಂದು ನಾನು ಹಠ ಹಿಡಿಯುತ್ತೇನೆ. ಸಚಿವರ ಸಂದೇಶ ಹಿಂದಿನ ಪುಟಗಳಲ್ಲಿ ಎಲ್ಲಾದರೂ ಇರಲಿ.

ವಿದ್ಯಾರ್ಥಿಗಳಿಗೆ ಕೇಳಬೇಕಾದ ಪ್ರಶ್ನೆ

‘ನಮ್ಮ ಪ್ರೀತಿಯ ಗುರುಗಳ ಕುರಿತು ಲೇಖನ ಕಳಿಸಿ’ ಎಂಬ ಮನವಿಗೆ ಬರುವುದು ಭಾಷಣ. ಅದರ ಬದಲು ಸಣ್ಣ ಪ್ರಶ್ನೆ ಕೇಳಿ: ಅವರು ಕಲಿಸಿದ ಒಂದು ಪಾಠ, ಒಂದು ದಿನ, ಒಂದು ಮಾತು. 300ರಿಂದ 600 ಪದ. ಬರೆಯಲಾರದವರು ಧ್ವನಿ ಸಂದೇಶ ಕಳಿಸಲಿ. ದುಬೈಯಲ್ಲೋ ಡಲ್ಲಾಸಿನಲ್ಲೋ ಇರುವ ಹಳೆಯ ವಿದ್ಯಾರ್ಥಿಗಳು ಈ ದಾರಿಯಲ್ಲೇ ಸಿಗುವುದು; ಕೀಬೋರ್ಡಿನಲ್ಲಿ ಕನ್ನಡ ಕುಟ್ಟಲು ಸಂಕೋಚಪಡುವವರು ಫೋನಿಗೆ ಹತ್ತು ನಿಮಿಷ ನಿರರ್ಗಳವಾಗಿ ಮಾತಾಡುತ್ತಾರೆ. ಫೇಲಾದವರನ್ನು, ಶಾಲೆ ಬಿಟ್ಟವರನ್ನು, ಈಗ ಆಟೋ ಓಡಿಸುವವರನ್ನು, ಅದೇ ಊರಿನಲ್ಲಿ ಅಂಗಡಿ ಇಟ್ಟವರನ್ನು ಹುಡುಕಿಕೊಂಡು ಹೋಗಿ. ಡಾಕ್ಟರು, ಎಂಜಿನಿಯರುಗಳಷ್ಟೇ ಬರೆದ ಪುಸ್ತಕದಲ್ಲಿ ಮೇಷ್ಟ್ರ ಅರ್ಧ ಕ್ಲಾಸು ಗೈರುಹಾಜರು.

‘ಅತ್ಯುತ್ತಮವಾಗಿ ಗಣಿತ ಬೋಧಿಸುತ್ತಿದ್ದರು’ ಎಂಬ ವಾಕ್ಯ ಬಂದರೆ ತಿರುಗಿ ಫೋನು ಮಾಡಿ, ‘ಹೇಗೆ?’ ಎಂದು ಕೇಳಿ. ‘ಭಿನ್ನರಾಶಿ ಹೇಳಿಕೊಡಲು ಸಂತೆಯಿಂದ ಕಲ್ಲಂಗಡಿ ತಂದು ಎಂಟು ಹೋಳು ಮಾಡಿದರು, ಉತ್ತರ ಹೇಳಿದವರಿಗೆ ಹೋಳು’ ಎಂಬ ಮಾತು ಆಗ ಬರುತ್ತದೆ. ಅದನ್ನೇ ಹಾಕಿಕೊಂಡು ಮೊದಲಿನ ವಾಕ್ಯವನ್ನು ಹೊಡೆದುಹಾಕಿ. ಈ ಕಲೆಯಲ್ಲಿ ಪಳಗಬೇಕೆಂದರೆ ಡಿ.ವಿ.ಜಿ.ಯವರ ‘ಜ್ಞಾಪಕ ಚಿತ್ರಶಾಲೆ’ಯ ಯಾವ ಸಂಪುಟವನ್ನಾದರೂ ತೆರೆದು ನೋಡಿ. ದಿವಾನರೂ ಸಂಗೀತಗಾರರೂ ಹೆಸರು ಮಾಡದ ಶಾಸ್ತ್ರಿಗಳೂ ಅಲ್ಲಿ ಒಂದೊಂದು ಪ್ರಸಂಗದಿಂದ ಎದ್ದು ನಿಲ್ಲುತ್ತಾರೆ.

ಒಂದು ಕಷ್ಟದ ವಿಷಯ ಹೇಳಿಬಿಡಬೇಕು. ಆ ತಲೆಮಾರಿನ ಮೇಷ್ಟ್ರುಗಳಲ್ಲಿ ಹಲವರು ಹೊಡೆಯುತ್ತಿದ್ದರು. 2009ರ ಶಿಕ್ಷಣ ಹಕ್ಕು ಕಾಯ್ದೆ ದೈಹಿಕ ಶಿಕ್ಷೆಯನ್ನು ನಿಷೇಧಿಸಿದೆ. ಅದಕ್ಕೆ ಮೊದಲು ಬೆತ್ತವಿಲ್ಲದ ಕ್ಲಾಸು ಅಪರೂಪ. ಹಳೆಯ ವಿದ್ಯಾರ್ಥಿಗಳು ಇದನ್ನು ನಗುತ್ತಾ ಬರೆಯುತ್ತಾರೆ, ‘ಆ ಏಟೇ ನಮ್ಮನ್ನು ಮನುಷ್ಯರನ್ನಾಗಿ ಮಾಡಿತು’ ಎನ್ನುತ್ತಾರೆ. ಕೆಲವರು ನಗುವುದಿಲ್ಲ. ಇಂಥ ಬರಹ ಬಂದರೆ ಮುಚ್ಚಿಡಬೇಕೇ? ಬೇಡವೆಂದೇ ನನ್ನ ಅಭಿಪ್ರಾಯ. ಮನೆಯವರಿಗೆ ಒಮ್ಮೆ ತೋರಿಸಿ, ಬರೆದವರೊಡನೆ ಮಾತಾಡಿ, ಹಾಗೆಯೇ ಹಾಕಿ. ಒಂದು ಒಪ್ಪದ ಮಾತಿರುವ ಪುಸ್ತಕದಲ್ಲಿ ಉಳಿದ ಮೂವತ್ತು ಮೆಚ್ಚುಗೆಗಳನ್ನು ಓದುಗರು ನಂಬುತ್ತಾರೆ.

ಮನೆಯಲ್ಲಿರುವ ಕಾಗದಪತ್ರಗಳನ್ನು ಅಚ್ಚು ಹಾಕುವಾಗ ಒಂದು ಎಚ್ಚರ. ಅವರಿಗೆ ಬೇರೆಯವರು ಬರೆದ ಪತ್ರದ ಹಾಳೆ ನಿಮ್ಮದಾದರೂ ಬರಹದ ಹಕ್ಕು ಬರೆದವರದು. ಒಂದು ಮಾತು ಕೇಳಿ ಹಾಕಿ. ಪಾಠ ಟಿಪ್ಪಣಿ, ಪ್ರಶ್ನೆಪತ್ರಿಕೆಯ ಕರಡು, ನಾಟಕದ ಕೈಬರಹದ ಪ್ರತಿ, ಮನೆಖರ್ಚಿನ ಡೈರಿ ಸಿಕ್ಕರೆ ಒಂದೆರಡು ಪುಟಗಳನ್ನು ಚಿತ್ರವಾಗಿ ಹಾಕಿ. ಬೋರ್ಡಿನ ಮೇಲೆ ಆ ಅಕ್ಷರ ನೋಡಿ ಬೆಳೆದವರಿಗೆ ಅದು ಭಾವಚಿತ್ರಕ್ಕಿಂತ ಹೆಚ್ಚು ಗುರುತು ಹತ್ತುತ್ತದೆ.

ಅಚ್ಚು

ಲೆಕ್ಕ ಸರಳ. ಡೆಮಿ 1/8 ಅಳತೆಯ ಪುಟದಲ್ಲಿ ಸುಮಾರು 225 ಕನ್ನಡ ಪದ ಹಿಡಿಸುತ್ತದೆ. 30 ಲೇಖನ, ಒಂದೊಂದು 600 ಪದ ಎಂದರೆ 18,000 ಪದ, 80 ಪುಟ. ಫೋಟೋ, ಪರಿವಿಡಿಗೆ 16 ಪುಟ ಸೇರಿಸಿದರೆ 96. ಮುದ್ರಕರು 16 ಪುಟಗಳ ಫಾರಂ ಲೆಕ್ಕದಲ್ಲಿ ಅಚ್ಚು ಮಾಡುವುದರಿಂದ 96, 112, 128 ಹೀಗೆ ಹೋದರೆ ಕಾಗದ ದಂಡವಾಗುವುದಿಲ್ಲ. ನೂರಿನ್ನೂರು ಪ್ರತಿಗೆ ಡಿಜಿಟಲ್ ಮುದ್ರಣ, ಐನೂರು ದಾಟಿದರೆ ಆಫ್‌ಸೆಟ್ ಅಗ್ಗ. ಬಣ್ಣದ ಪುಟಗಳನ್ನು ಒಂದೇ ಕಡೆ ಸೇರಿಸಿ. ಒಬ್ಬರು ನುಡಿಯಲ್ಲಿ, ಒಬ್ಬರು ಬರಹದಲ್ಲಿ, ಮಿಕ್ಕವರು ಯೂನಿಕೋಡಿನಲ್ಲಿ ಕಳಿಸಿರುತ್ತಾರೆ. ಒಂದರಿಂದ ಒಂದಕ್ಕೆ ಪರಿವರ್ತಿಸುವಾಗ ಒತ್ತಕ್ಷರಗಳೂ ಅರ್ಕಾವತ್ತೂ ಎಡವುತ್ತವೆ. ಕರಡು ಎರಡು ಸಲ ತಿದ್ದಿಸಿ, ಹೆಸರುಗಳನ್ನು ಮಾತ್ರ ಮೂರನೇ ಸಲ. ಖಾಸಗಿಯಾಗಿ ಹಂಚುವ ಪುಸ್ತಕಕ್ಕೆ ಐಎಸ್‌ಬಿಎನ್ ಬೇಕಿಲ್ಲ. ಗ್ರಂಥಾಲಯಗಳಿಗೆ, ಅಂಗಡಿಗಳಿಗೆ ಹೋಗಬೇಕೆಂದಿದ್ದರೆ ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಸಂಸ್ಥೆಯಿಂದ ಶುಲ್ಕವಿಲ್ಲದೆ ಸಿಗುತ್ತದೆ.

ವರ್ಷಾಂತಿಕಕ್ಕೇ ಬಿಡುಗಡೆ ಆಗಬೇಕೆಂಬ ಆತುರದಲ್ಲಿ ಅರ್ಧ ಪುಸ್ತಕಗಳು ಕೆಡುತ್ತವೆ. ತ.ಸು. ವೆಂಕಣ್ಣಯ್ಯನವರು ತೀರಿಕೊಂಡದ್ದು 1939ರಲ್ಲಿ. ಅವರ ಶಿಷ್ಯ ಕುವೆಂಪು ‘ಶ್ರೀ ರಾಮಾಯಣ ದರ್ಶನಂ’ ಕಾವ್ಯವನ್ನು ಗುರುಗಳಿಗೆ ಅರ್ಪಿಸಿ ಪ್ರಕಟಿಸಿದ್ದು 1949ರಲ್ಲಿ. ವೆಂಕಣ್ಣಯ್ಯನವರ ತಮ್ಮ ತ.ಸು. ಶಾಮರಾಯರು ಮನೆತನದ ಕಥೆಯನ್ನು ‘ಮೂರು ತಲೆಮಾರು’ ಎಂದು ಬರೆದದ್ದು ಅದಕ್ಕೂ ಎಷ್ಟೋ ವರ್ಷಗಳ ತರುವಾಯ. ನಿಮ್ಮ ಮೇಷ್ಟ್ರ ಪುಸ್ತಕ ಮೂರನೇ ವರ್ಷಕ್ಕೆ ಬಂದರೆ ಆಕಾಶವೇನೂ ಬೀಳುವುದಿಲ್ಲ.

ದತ್ತಿ ಇಡುವುದಾದರೆ

ಅವರ ಹೆಸರಿನಲ್ಲಿ ಶಾಲೆಗೆ ಪುದುವಟ್ಟು ಇಡುವುದು ನಮ್ಮಲ್ಲಿ ಹಳೆಯ ರೂಢಿ. ಕನ್ನಡ ಸಾಹಿತ್ಯ ಪರಿಷತ್ತಿನಲ್ಲೂ ವಿಶ್ವವಿದ್ಯಾಲಯಗಳಲ್ಲೂ ಇಂಥ ದತ್ತಿಗಳು ಬಹಳ ಇವೆ. ಆದರೆ ಬಡ್ಡಿಯ ಲೆಕ್ಕ ನೋಡಿ. ನೂರಕ್ಕೆ ಆರರಂತೆ 1 ಲಕ್ಷಕ್ಕೆ ವರ್ಷಕ್ಕೆ 6,000 ರೂಪಾಯಿ. ಎಂಬತ್ತರ ದಶಕದಲ್ಲಿ ಧಾರಾಳವೆನಿಸಿದ್ದ 5,000 ರೂಪಾಯಿಯ ದತ್ತಿಗೆ ಇವತ್ತು ಅದೇ ದರದಲ್ಲಿ ಬರುವುದು 300, ಒಂದು ಒಳ್ಳೆಯ ನಿಘಂಟಿಗೂ ಸಾಲದು. ಹಾಗಾಗಿ ಬಡ್ಡಿಯಲ್ಲಿ ಮೂರನೇ ಒಂದು ಭಾಗವನ್ನು ಪ್ರತಿವರ್ಷ ಅಸಲಿಗೆ ಸೇರಿಸಬೇಕೆಂದು ನಿಬಂಧನೆಯಲ್ಲೇ ಬರೆಯಿಸಿ. ಸರ್ಕಾರಿ ಶಾಲೆಯಾದರೆ ಎಸ್‌ಡಿಎಂಸಿ ಸಭೆಯಲ್ಲಿ ಠರಾವಾಗಲಿ, ಠೇವಣಿ ವ್ಯಕ್ತಿಯ ಹೆಸರಿನಲ್ಲಿ ಬೇಡ, ಹುದ್ದೆಯ ಹೆಸರಿನಲ್ಲಿ ಇರಲಿ. ಮುಖ್ಯೋಪಾಧ್ಯಾಯರು ವರ್ಗವಾದಾಗ ಸಹಿ ಬದಲಾಯಿಸದೆ ಬಡ್ಡಿ ಬ್ಯಾಂಕಿನಲ್ಲೇ ಕೊಳೆಯುವುದುಂಟು. ವರ್ಷಕ್ಕೊಮ್ಮೆ ಮನೆಯಿಂದ ಒಬ್ಬರು ಹೋಗಿ ವಿಚಾರಿಸುವ ಹೊಣೆ ಹೊರಬೇಕು.

ಬಹುಮಾನ ಯಾರಿಗೆ ಎಂಬುದರಲ್ಲಿ ಮೇಷ್ಟ್ರ ಸ್ವಭಾವ ಕಾಣಲಿ. ಅತಿ ಹೆಚ್ಚು ಅಂಕ ಪಡೆದವರಿಗೆ ಕೊಡುವ ಬಹುಮಾನ ಪ್ರತಿ ಶಾಲೆಯಲ್ಲೂ ಐದಾರಿವೆ. ಅವರು ಗ್ರಂಥಾಲಯದ ಬೀರು ತೆಗೆದಿಡುತ್ತಿದ್ದವರಾದರೆ ವರ್ಷದಲ್ಲಿ ಹೆಚ್ಚು ಪುಸ್ತಕ ಓದಿ ಮಾತಾಡಬಲ್ಲ ಹುಡುಗಿಗೆ, ನಾಟಕದವರಾದರೆ ರಂಗದ ಹಿಂದೆ ದುಡಿದವರಿಗೆ, ಗಣಿತದವರಾದರೆ 20ರಿಂದ 50 ಅಂಕಕ್ಕೆ ಏರಿದವರಿಗೆ.

ಪುಸ್ತಕ ಬಂದ ಮೇಲೆ ಸೇವಾ ಪುಸ್ತಕದ ಪಟ್ಟಿ ಮತ್ತೆ ಕೆಲಸಕ್ಕೆ ಬರುತ್ತದೆ. ಅವರು ಕೆಲಸ ಮಾಡಿದ ಪ್ರತಿ ಶಾಲೆಗೆ ಎರಡೆರಡು ಪ್ರತಿ, ತಾಲ್ಲೂಕಿನ ಗ್ರಂಥಾಲಯಕ್ಕೆ ಒಂದು, ಮಾತಾಡಿದ ಪ್ರತಿಯೊಬ್ಬರಿಗೂ ಒಂದೊಂದು, ಅಂಚೆಯಲ್ಲಾದರೂ ತಲುಪಲಿ. ರೆಕಾರ್ಡಿಂಗು, ಸ್ಕ್ಯಾನುಗಳನ್ನು ಎರಡು ಹಾರ್ಡ್ ಡಿಸ್ಕುಗಳಲ್ಲಿ ಎರಡು ಬೇರೆ ಮನೆಗಳಲ್ಲಿಡಿ. ಬಿಡುಗಡೆಯ ದಿನ ಮೊದಲ ಪ್ರತಿಯ ರಿಬ್ಬನ್ ಬಿಚ್ಚುವವರು ಆಕೆಯೇ ಆಗಿರಲಿ. ಮೈಕನ್ನು ಆಕೆಯ ಎತ್ತರಕ್ಕೆ ಮೊದಲೇ ಇಳಿಸಿಡಿ.